ಸಾಹೇಬರು ಕಂಪ್ಯೂಟರ್ ಆದದ್ದು

ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಒಂಬತ್ತನೇ ಕ್ಲಾಸಿನಲ್ಲಿ ನಿಂತು ಗುಡುಗಿದರು. "ಕೋಡಿಂಗ್ ಪಾಠ ಇನ್ನೂ ಶುರುವಾಗಿಲ್ವಾ? ಇವತ್ತೇ ಆಗಬೇಕು. ಇಲ್ಲದಿದ್ರೆ ಹೆಡ್‌ಮಾಸ್ಟರಿಗೆ ಮೆಮೊ!"

ಶಾಲೆಗಿದ್ದ ಒಂದೇ ಕಂಪ್ಯೂಟರಿನ ವೈರನ್ನು ಇಲಿ ತಿಂದಿತ್ತು. ಹೆಡ್‌ಮಾಸ್ಟರು ಬೆವರಿದರು. ಟೀಚರುಗಳ ಕೋಡಿಂಗ್ ಟ್ರೇನಿಂಗಿನಲ್ಲಿ ಟೀ ಹಂಚುತ್ತ ಅಷ್ಟಿಷ್ಟು ಕೇಳಿಸಿಕೊಂಡಿದ್ದ ಅಟೆಂಡರ್ ಚಿಕ್ಕತಾಯಮ್ಮ ಮುಂದೆ ಬಂದಳು.

"ಕಂಪ್ಯೂಟರ್ ಅಂದ್ರೆ ಹೇಳಿದ್ದನ್ನ ಹೇಳಿದಂಗೆ ಮಾಡೋದು, ಅಲ್ವಾ ಸಾ? ನೀವೇ ಕಂಪ್ಯೂಟರ್ ಆಗಿ. ಮಕ್ಕಳು ಹೇಳ್ತಾರೆ."

ಸಾಹೇಬರು ಎದೆಯುಬ್ಬಿಸಿದರು. "ಒಂದು ತಪ್ಪೂ ಮಾಡಲ್ಲ, ನೋಡ್ತಿರಿ!"

ಮಕ್ಕಳು ಪಿಸುಗುಟ್ಟಿಕೊಂಡು ಕೂಗಿದರು: "ಬೆಲ್ ಹೊಡೆಯೋವರೆಗೂ ಧ್ವಜಕಟ್ಟೆ ಸುತ್ತಿ ಸಾರ್!"

ಐದು ಸುತ್ತಾಯಿತು. ಹದಿನೈದಾಯಿತು. ಸಾಹೇಬರು ಚೂರು ನಿಂತರೆ ಸಾಕು, "ಕಂಪ್ಯೂಟರ್ ಹ್ಯಾಂಗ್ ಆಯ್ತು!" ಎಂದು ಇಡೀ ಶಾಲೆ ಕೇಕೆ ಹಾಕುತ್ತಿತ್ತು. ಬೆಲ್ ಹೊಡೆಯಬೇಕಾದ ಚಿಕ್ಕತಾಯಮ್ಮ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಬೆಲ್ ಹೊಡಿಯಮ್ಮ!" ಸಾಹೇಬರು ಏದುಸಿರು ಬಿಟ್ಟರು.

"ಪಾಠ ಶುರುವಾಯ್ತು ಅಂತ ಸಹಿ ಹಾಕಿದ್ರೆ ಹೊಡೀತೀನಿ. ಇಲ್ಲಾಂದ್ರೆ ಇಲ್ಲ."

"ಏನು, ಬೆದರಿಕೆನಾ?"

"ಅಯ್ಯೋ, ಎಲ್ಲಾದ್ರೂ ಉಂಟಾ ಸಾ! ಹಿಂಗಾದ್ರೆ ಹಂಗೆ, ಇಲ್ಲಾಂದ್ರೆ ಇಲ್ಲ. ಇದು ಕೋಡಿಂಗಿನ ಎರಡನೇ ಪಾಠ."

ಹೆಡ್‌ಮಾಸ್ಟರು ರಿಜಿಸ್ಟರ್ ಹಿಡಿದು ಪಕ್ಕದಲ್ಲೇ ಓಡಿದರು. ಸಾಹೇಬರು ಸುತ್ತುತ್ತಲೇ ಸಹಿ ಹಾಕಿದರು. ನಿಲ್ಲೋಣವೆಂದರೆ, ಬೆಲ್ ಇನ್ನೂ ಹೊಡೆದಿರಲಿಲ್ಲವಲ್ಲ!