ಹಗ್ಗದ ಆ ತುದಿಯವರಿಗೆ ಬರೆದ ಕಾಗದ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಜಪ, ಮಂತ್ರ ಅಂತ ಅಲ್ಲಿ ಏನೂ ಇರಲಿಲ್ಲ. ಬೆಳಗ್ಗೆ ಎದ್ದರೆ ಹೊಳೆಯ ನೀರು ಅಳೆಯುವುದು, ಗಾಳಿ ಎತ್ತ ಬೀಸಿತು ನೋಡುವುದು, ಮಳೆ ಬಿದ್ದರೆ ಎಷ್ಟು ಬಿತ್ತು ಅಂತ ಬರೆದಿಡುವುದು. ಅದೇ ಅಲ್ಲಿಯ ಪೂಜೆ.

ಗುರುಗಳಿಗೆ ವಯಸ್ಸಾಗಿತ್ತು. ಭೂಮಿಯ ತುದಿಯಲ್ಲಿ ಬರೀ ಮಂಜುಗಡ್ಡೆಯ ನಾಡು ಇದೆಯಲ್ಲ, ಅಲ್ಲಿಗೆ ಎರಡು ಸಲ ಹೋಗಿ ಬಂದವರು. ಅಲ್ಲಿಯ ಚಳಿಗೆ ಒಂದು ಕಾಲ್ಬೆರಳು ಹೋಗಿತ್ತು. ಯಾರಾದರೂ ಕೇಳಿದರೆ, "ಸುಂಕ ಕಟ್ಟಿ ಬಂದೆ" ಅನ್ನುತ್ತಿದ್ದರು.

ಅವರ ಹತ್ತಿರ ಮಾದೇವಿ ಅಂತ ಒಬ್ಬ ಶಿಷ್ಯೆ. ಬಂದು ಮೂರು ವರ್ಷವಾಗಿತ್ತು. ನೀರಿನ ಬಣ್ಣ ನೋಡಿ, ಮೇಲೆ ಯಾವ ಕಡೆ ಮಳೆಯಾಗಿದೆ ಅಂತ ಹೇಳುವಷ್ಟು ಕಲಿತಿದ್ದಳು.

ಆ ವರ್ಷ ಮಂಜಿನ ನಾಡಿಗೆ ಹೊರಟ ತಂಡದಲ್ಲಿ ಒಂದು ಜಾಗ ಇದೆ ಅಂತ ಸುದ್ದಿ ಬಂತು. ಫೆಲೋಶಿಪ್ಪು. ಎರಡು ವರ್ಷ ಮಂಜುಗಡ್ಡೆ ಓದುವ ಕೆಲಸ. ಮಾದೇವಿಗೆ ಚಿಕ್ಕಂದಿನಿಂದ ಅದೇ ಕನಸು. ಇದೊಂದು ಸಲ ತಪ್ಪಿದರೆ ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು.

ಅರ್ಜಿಯ ಜೊತೆ ಗುರುಗಳ ಶಿಫಾರಸು ಪತ್ರ ಇಡಬೇಕು.

"ಗುರುಗಳೇ, ನನ್ನ ಬಗ್ಗೆ ಒಂದು ಕಾಗದ ಬರೆದುಕೊಡಬೇಕು."

"ನೀನೇ ಬರ್ಕೊಂಡು ಬಾ. ನಾನು ಸಹಿ ಹಾಕ್ತೀನಿ."

ಇದೇನು ಹೊಸದಲ್ಲ. ಓದಿದವರಲ್ಲಿ ಇದೇ ಪದ್ಧತಿಯಂತೆ. ದೊಡ್ಡವರಿಗೆ ಪುರುಸೊತ್ತಿರುವುದಿಲ್ಲ. ಚಿಕ್ಕವರು ತಮ್ಮನ್ನು ತಾವೇ ಹೊಗಳಿ ಬರೆದು ತರುತ್ತಾರೆ, ದೊಡ್ಡವರು ಕೆಳಗೆ ಹೆಸರು ಗೀಚುತ್ತಾರೆ.

ಮಾದೇವಿ ಜಗುಲಿಯಲ್ಲಿ ಕೂತು ಬರೆದಳು. ಜೊತೆಯ ಶಿಷ್ಯ ಚಿಕ್ಕಲಿಂಗ ಬಗ್ಗಿ ಇಣುಕಿದ.

"ಅಕ್ಕಾ, 'ಅಪ್ರತಿಮ' ಅಂತ ಹಾಕು. ನಾನು ಹೋದ ವರ್ಷ ಎರಡು ಸಲ ಹಾಕ್ಕೊಂಡಿದ್ದೆ."

"ಕೆಲಸ ಸಿಕ್ತಾ?"

"ಇಲ್ಲ. ಮೂರು ಸಲ ಹಾಕಬೇಕಿತ್ತು."

ಆಮೇಲೆ ಅವಳ ಎಡಗಡೆಗೆ ಹೋಗಿ ಇನ್ನೇನೋ ಅಂದ. ಮಾದೇವಿ ತಲೆ ಎತ್ತದೆ "ಹೂಂ" ಅಂದಳು.

"ಏನು ಹೂಂ? ಒಲೆ ಮೇಲೆ ಅನ್ನ ಸೀದುಹೋಗ್ತಿದೆ ಅಂದೆ! ನಿನಗೆ ಏನು ಹೇಳಿದ್ರೂ ಹೂಂ. ನಿನ್ನ ಮದುವೆ ನಾಳೆ ಅಂದ್ರೂ ಹೂಂ ಅಂತೀಯ."

ಮಾದೇವಿ ನಕ್ಕು ಒಲೆಯ ಕಡೆ ಓಡಿದಳು.

ಸಂಜೆಗೆ ಕಾಗದ ಗುರುಗಳ ಕೈಗೆ ಹೋಯಿತು. ಅವರು ಗಟ್ಟಿಯಾಗಿ ಓದಿದರು. "ಅಪ್ರತಿಮ ಶಿಷ್ಯೆ. ಧೈರ್ಯವಂತೆ. ಶ್ರಮಜೀವಿ. ಇವಳಲ್ಲಿ ಯಾವ ಕೊರತೆಯೂ ಇಲ್ಲ."

ಓದಿ ಕನ್ನಡಕ ತೆಗೆದರು.

"ಯಾರಮ್ಮ ಇವಳು? ನನಗೆ ಪರಿಚಯ ಇಲ್ವಲ್ಲ. ಪರಿಚಯ ಇಲ್ದೋರಿಗೆ ಹೇಗೆ ಸಹಿ ಹಾಕಲಿ?"

ಮಾರನೇ ದಿನ ಇನ್ನೊಂದು ಬರೆದು ತಂದಳು.

"'ಅಪ್ರತಿಮ' ತೆಗೆದಿದ್ದೀನಿ, ಗುರುಗಳೇ."

"ಒಳ್ಳೇದು. ಚಿಕ್ಕಲಿಂಗನಿಗೆ ವಾಪಸ್ ಕೊಡು, ಅವನಿಗೆ ಬೇಕಾಗುತ್ತೆ." ಓದಿದರು. ಮತ್ತೆ ತಲೆಯಾಡಿಸಿದರು. "ಇವಳೂ ಯಾರೋ ಗೊತ್ತಾಗಲಿಲ್ಲ."

ಮಾದೇವಿಗೆ ಅಳು ಬಂತು, ಸಿಟ್ಟೂ ಬಂತು.

"ಅರ್ಜಿ ಹಾಕೋಕೆ ಇನ್ನು ನಾಲ್ಕೇ ದಿನ ಇರೋದು. ಎಲ್ಲರೂ ಹೀಗೇ ಬರೆಯೋದು. ಏನು ಬರೀಬೇಕು ಅಂತ ನೀವೇ ಹೇಳಿಬಿಡಿ."

"ಈ ಕಾಗದ ಯಾರಿಗೆ?"

"ಆಯ್ಕೆ ಮಾಡೋ ಸಮಿತಿಯವರಿಗೆ."

ಗುರುಗಳು ಎದ್ದರು. ಗೋಡೆಗೆ ತೂಗುಹಾಕಿದ್ದ ದಪ್ಪ ಹಗ್ಗ ತೆಗೆದರು. ಒಂದು ಚೀಟಿಯಲ್ಲಿ ಏನೋ ಬರೆದು ಅವಳ ಕೈಗಿಟ್ಟರು.

"ಇದು ನನ್ನ ಶಿಫಾರಸು. ನಾನೇ ಬರ್ಕೊಂಡಿದ್ದು. ಓದು."

ಚೀಟಿಯಲ್ಲಿ ಹೀಗಿತ್ತು: ಈತ ಬಲಶಾಲಿ. ಅನುಭವಸ್ಥ. ಈತನಲ್ಲಿ ಯಾವ ಕೊರತೆಯೂ ಇಲ್ಲ.

"ಸರಿಯಾಗಿದೆಯಾ?"

"ಸರಿಯಾಗಿದೆ."

"ಹಾಗಾದ್ರೆ ಬಾ."

ಹಗ್ಗದ ಒಂದು ತುದಿ ತಮ್ಮ ಸೊಂಟಕ್ಕೆ ಬಿಗಿದರು, ಇನ್ನೊಂದು ತುದಿ ಅವಳ ಸೊಂಟಕ್ಕೆ. ಸೀದಾ ಹೊಳೆಗೆ ಇಳಿದರು. ನೀರು ಮೊಣಕಾಲಿಗೆ ಬಂತು. ತೊಡೆಗೆ ಬಂತು. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಮಡು. ಅಲ್ಲಿ ಆಳ ಎಷ್ಟು ಅಂತ ಮಾದೇವಿಗೆ ಚೆನ್ನಾಗಿ ಗೊತ್ತು, ಅಳೆದವಳು ಅವಳೇ.

ಗುರುಗಳು ನಿಲ್ಲಲಿಲ್ಲ.

ಮಾದೇವಿ ಮರಳಿಗೆ ಹಿಮ್ಮಡಿ ಊರಿ ಹಗ್ಗ ಜಗ್ಗಿದಳು. "ನಿಲ್ಲಿ! ನಿಮಗೆ ಈಜು ಬರುತ್ತಾ?"

"ಚೀಟಿಯಲ್ಲಿ ಬರೆದಿತ್ತಾ?"

"ಇಲ್ಲ!"

"ಮತ್ತೆ ಯಾಕೆ ಕೇಳ್ತೀಯ?"

"ನೀವು ಮುಳುಗಿದ್ರೆ ನಾನೂ ಮುಳುಗ್ತೀನಲ್ಲ, ಗುರುಗಳೇ!"

ಗುರುಗಳು ಆಗ ತಿರುಗಿದರು.

"ಮಂಜಿನ ಮೇಲೂ ಹೀಗೇ ನಡೆಯೋದು ಮಗಳೇ. ಮೇಲೆ ಬೆಳ್ಳಗೆ ಸಮವಾಗಿ ಕಾಣುತ್ತೆ, ಕೆಳಗೆ ಆಳದ ಬಿರುಕು ಇರುತ್ತೆ. ಹಗ್ಗದ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು. ಒಬ್ಬರು ಜಾರಿದ್ರೆ ಇನ್ನೊಬ್ಬರು ಹಿಡೀಬೇಕು. ಈಗ ಹೇಳು, ಕಾಗದ ಯಾರಿಗೆ?"

ಮಾದೇವಿ ಸೊಂಟದ ಗಂಟು ಮುಟ್ಟಿ ನೋಡಿಕೊಂಡಳು. ಮೀನುಮರಿಗಳು ಬಂದು ಕಾಲು ಕಚ್ಚಿ ನೋಡಿ ಹೋದವು.

"ನನಗೆ ಎಡಗಿವಿ ಕೇಳಿಸೋದಿಲ್ಲ," ಅಂದಳು ಕೊನೆಗೆ.

ಗುರುಗಳು ಹಗ್ಗ ಸಡಿಲ ಬಿಟ್ಟು ಒಂದು ಹೆಜ್ಜೆ ಹತ್ತಿರ ಬಂದರು.

"ಏಳು ವರ್ಷದವಳಿದ್ದಾಗ ಜ್ವರ ಬಂತು. ಆವತ್ತಿಂದ ಆ ಕಿವಿ ಪೂರ್ತಿ ಹೋಯ್ತು. ಅರ್ಜಿಯಲ್ಲಿ ಯಾರೂ ಕೇಳಿಲ್ಲ. ನಾನಾಗೇ ಬರೆದ್ರೆ ಪಕ್ಕಕ್ಕೆ ಎತ್ತಿಡ್ತಾರೆ ಅಂತ ಭಯ."

"ಅದಕ್ಕೇ ಎಲ್ಲದಕ್ಕೂ ಹೂಂ."

"ಹೂಂ ಅಂದ್ರೆ ಯಾರೂ ಮುಂದಕ್ಕೆ ಕೇಳೋದಿಲ್ಲ, ಗುರುಗಳೇ. ಕೇಳಿಸಲಿಲ್ಲ ಅಂದ್ರೆ ಎಲ್ಲರೂ ನನ್ನ ಮುಖ ನೋಡ್ತಾರೆ."

"ಮೂರು ವರ್ಷದಿಂದ ನಾನು ನಿನ್ನ ಯಾವ ಪಕ್ಕ ನಡೀತಿದ್ದೀನಿ?"

ಮಾದೇವಿ ನೆನೆಸಿಕೊಂಡಳು. ದಂಡೆಯ ಮೇಲೆ, ಸಂತೆಗೆ ಹೋಗುವ ದಾರಿಯಲ್ಲಿ, ಮಳೆಯಲ್ಲಿ ಒಂದೇ ಕೊಡೆ ಹಿಡಿದಾಗ ಕೂಡ. ಯಾವಾಗಲೂ ಬಲಕ್ಕೆ.

"ನಿಮಗೆ ಗೊತ್ತಿತ್ತಾ!"

"ನನಗೆ ಗೊತ್ತಿದ್ದು ಏನು ಬಂತು? ಮಂಜಿಗೆ ನಾನು ಬರ್ತೀನಾ?"

ಅವಳು ಕಣ್ಣು ಒರೆಸಿಕೊಂಡಳು. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚುತ್ತಾ ಕೇಳಿದಳು. "ಅದಿರಲಿ, ನಿಮಗೆ ಈಜು ಬರುತ್ತೋ ಇಲ್ವೋ?"

"ಬರುತ್ತೆ. ನಿನಗಿಂತ ಚೆನ್ನಾಗಿ."

ಮೂರನೇ ಕಾಗದ ಗಿಡ್ಡವಾಗಿತ್ತು.

"ಮಾದೇವಿಗೆ ಎಡಗಿವಿ ಕೇಳಿಸುವುದಿಲ್ಲ. ಹೇಳುವುದನ್ನು ಬಲಕ್ಕೆ ನಿಂತು ಹೇಳಬೇಕು. ಇದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದಳು. ಕೇಳಿಸದಿದ್ದಾಗಲೂ ಹೂಂ ಅನ್ನುವ ಅಭ್ಯಾಸ ಇತ್ತು, ಬಿಡುತ್ತಿದ್ದಾಳೆ. ನೀರು, ಗಾಳಿ, ಮಳೆಯ ಲೆಕ್ಕವನ್ನು ಮಾತ್ರ ಒಂದು ದಿನವೂ ಕಣ್ಣಾರೆ ನೋಡದೆ ಬರೆದವಳಲ್ಲ."

"ಹಾಂ, ಇವಳು ಗೊತ್ತು ನನಗೆ," ಅಂದರು ಗುರುಗಳು. ಸಹಿ ಹಾಕಿದರು. ಸಹಿಯ ಮೇಲೆ ತಾವೇ ಒಂದು ಸಾಲು ಸೇರಿಸಿದರು: "ನಾನಾದರೆ ಇವಳ ಜೊತೆ ಹಗ್ಗ ಕಟ್ಟಿಕೊಳ್ಳುತ್ತೇನೆ."

ಚಿಕ್ಕಲಿಂಗ ಓದಿ ಹಣೆ ಚಚ್ಚಿಕೊಂಡ. "ಅಕ್ಕಾ, ಇದು ಶಿಫಾರಸಲ್ಲ, ದೂರು!"

ಕಾಗದ ಹೋಯಿತು. ಒಂದು ತಿಂಗಳಾಯಿತು, ಮೇಲೆ ಹತ್ತು ದಿನವಾಯಿತು. ಒಂದು ಬೆಳಗ್ಗೆ ಫೋನು ಬಂತು. ಮಂಜಿನ ತಂಡಕ್ಕೆ ಮುಖ್ಯಸ್ಥೆಯಾಗಿದ್ದ ಹೆಂಗಸೇ ಮಾತಾಡಬೇಕಂತೆ. ಸಂದರ್ಶನ ಅಂತ.

ಆಶ್ರಮದೊಳಗೆ ಸರಿಯಾದ ಸಿಗ್ನಲ್ ಎಲ್ಲಿಂದ ಬರಬೇಕು? ಮಾದೇವಿ ದಂಡೆಯ ಬಂಡೆ ಹತ್ತಿ ನಿಂತಳು. ಫೋನು ಬಲಗಿವಿಗೆ ಒತ್ತಿ ಹಿಡಿದಳು. ಗಾಳಿಯೋ ಗಾಳಿ. ಫೋನಿನಲ್ಲಿ ಅರ್ಧ ಮಾತು, ಅರ್ಧ ಗೊರಗೊರ.

ದೂರದಿಂದ ಗುರುಗಳಿಗೆ ಅವಳ ಬೆನ್ನು ಕಾಣುತ್ತಿತ್ತು. ಅವರು ಕಡಲೆಕಾಯಿ ಸುಲಿಯುತ್ತಾ ಕೂತರು.

ಅರ್ಧ ಗಂಟೆಯ ಮೇಲೆ ಮಾದೇವಿ ಬಂದಳು. ಮುಖ ಬಾಡಿತ್ತು.

"ಏನು ಕೇಳಿದ್ರು?"

"ಮಂಜಿನ ಗಾಳಿಯಲ್ಲಿ ಎಡಗಡೆಯಿಂದ ಕೂಗಿದ್ರೆ ಏನು ಮಾಡ್ತೀಯ ಅಂದ್ರು. ಕೇಳಿಸೋದಿಲ್ಲ, ಹಗ್ಗ ಎರಡು ಸಲ ಜಗ್ಗಬೇಕು, ಆಗ ತಿರುಗ್ತೀನಿ ಅಂದೆ."

"ಸರಿಯಾಗೇ ಹೇಳಿದ್ದೀಯಲ್ಲ. ಮತ್ತೆ ಯಾಕೆ ಈ ಮುಖ?"

"ಹಾಳು ಮಾಡ್ಕೊಂಡೆ, ಗುರುಗಳೇ. ಗಾಳಿಗೆ ಆ ಕಡೆ ಮಾತು ತಿಳೀತಿರಲಿಲ್ಲ. ಅಷ್ಟು ದೊಡ್ಡವರ ಹತ್ತಿರ ಮೂರು ಸಲ 'ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ' ಅಂದುಬಿಟ್ಟೆ. ಮೂರು ಸಲ! ಹೂಂ ಅಂದಿದ್ರೆ ಮುಗೀತಿತ್ತು."

"ಅವರೇನು ಮಾಡಿದ್ರು?"

"ಮೂರು ಸಲವೂ ಮತ್ತೆ ಹೇಳಿದ್ರು. ಮೂರನೇ ಸಲ ಒಂದೊಂದೇ ಮಾತು ಬಿಡಿಸಿ ಹೇಳಿದ್ರು. ಕೊನೆಗೆ, ತಿಳಿಸ್ತೀವಿ ಅಂತ ಇಟ್ಟುಬಿಟ್ರು."

ಗುರುಗಳು ಮಡಿಲಿನ ಸಿಪ್ಪೆ ಕೊಡವಿ ಎದ್ದರು.

"ನನ್ನ ಹತ್ತಿರ ಮೂರು ವರ್ಷದಲ್ಲಿ ಒಂದು ಸಲವೂ 'ಕೇಳಿಸಲಿಲ್ಲ' ಅನ್ನಲಿಲ್ಲ ನೀನು. ಹಗ್ಗದ ಆ ತುದಿಯವರಿಗೆ ಅಂದೆ. ನಡಿ, ಬೆಚ್ಚನೆ ಬಟ್ಟೆ ಏನೇನಿದೆ, ತೆಗೆದು ಕಟ್ಟಿಕೋ."