ಬಿಚ್ಚದ ಹೊಲಿಗೆ

ಅಥಣಿಯ ದುರ್ಗಪ್ಪ ಮೂವತ್ತು ವರ್ಷ ಚಪ್ಪಲಿ ಹೊಲಿದವನು. ಆಮೇಲೆ ಬೈಕ್ ರೇಸಿನವರಿಗೆ ಚರ್ಮದ ಜಾಕೆಟ್ ಹೊಲಿಯತೊಡಗಿದ. ಕೈಯೇನೋ ಬಂಗಾರದಂಥದ್ದು, ಆದರೆ ಬೇರೆಯವರ ಮಾತು ಅವನ ಕಿವಿಗೆ ಇಳಿಯುತ್ತಿರಲಿಲ್ಲ. ಒಮ್ಮೆ ಹಾಕಿದ ಹೊಲಿಗೆ ಬಿಚ್ಚುವುದೆಂದರೆ ಅವನಿಗೆ ಮೂಗು ಕೊಯ್ಯಿಸಿಕೊಂಡಂತೆ. ಬಟ್ಟೆಯನ್ನು ಬಿಚ್ಚಿ ಹೊಲಿದರೆ ಗೊತ್ತಾಗುವುದಿಲ್ಲ. ಚರ್ಮದಲ್ಲಿ ಸೂಜಿಯ ಹಳೆಯ ತೂತು ಹಾಗೇ ಉಳಿಯುತ್ತದೆ. ಆ ತೂತು ನೋಡಿದ ಜನ ‘ದುರ್ಗಪ್ಪನ ಅಳತೆ ತಪ್ಪಿತು’ ಅಂದುಬಿಟ್ಟರೆ? ಅದೊಂದೇ ಅವನ ಅಂಜಿಕೆ.

ಅವನ ಅಂಗಡಿಗೆ ಶ್ರೀದೇವಿ ಎಂಬ ಹುಡುಗಿ ಬಂದಳು. ಶಾಲೆಯಲ್ಲಿ ಆಟದ ಟೀಚರು, ರಜೆ ಸಿಕ್ಕರೆ ರೇಸಿನ ಟ್ರ್ಯಾಕಿನಲ್ಲಿ ಹಾಜರು. ಎದೆಗೂ ಬೆನ್ನಿಗೂ ಗಟ್ಟಿ ತಟ್ಟೆಗಳಿದ್ದ ಕವಚವನ್ನು ಚೀಲದಲ್ಲಿ ತಂದಿದ್ದಳು. ಅದನ್ನು ಜಾಕೆಟ್ಟಿನ ಒಳಗೆ ತೊಡಬೇಕು. ಬಿದ್ದಾಗ ಬೆನ್ನುಮೂಳೆ ಕಾಯುವುದು ಅದೇ.

"ಕಾಕಾ, ಇದನ್ನ ಹಾಕ್ಕೊಂಡು, ಗಾಡಿ ಮ್ಯಾಲೆ ಕುಂತಂಗ ಬಗ್ಗಿ ಅಳತಿ ಕೊಡ್ಲೇನ್ರಿ?"

"ಏ, ಬ್ಯಾಡ ಬಿಡವಾ. ನನಗ ಕಣ್ಣಾಗ ಅಳತಿ ಐತಿ. ನೆಟ್ಟಗ ನಿಂದ್ರು, ಸಾಕು."

ಜಾಕೆಟ್ ನೋಡಲು ಚೆಂದವಾಗಿಯೇ ಬಂತು. ಕವಚದ ಮೇಲೆ ತೊಟ್ಟು ಜಿಪ್ ಎಳೆದು ಬಗ್ಗಿದಳು. ತಟ್ಟೆ ಪಕ್ಕೆಲುಬಿಗೆ ಒತ್ತಿತು.

"ಕಾಕಾ, ಬಗ್ಗಿದ್ರ ಉಸಿರು ಕಟ್ತೈತ್ರಿ. ಬಿಚ್ಚಿ ಪಕ್ಕಕ್ಕ ಒಂದು ಪಟ್ಟಿ ಕೂಡಿಸ್ರಿ."

"ಹೊಸಾ ತೊಗಲು ಮೊದಲ ಕಚ್ಚೂದ. ಎಂಟು ದಿನ ತೊಡು, ಮೈಗೆ ಒಗ್ತೈತಿ."

ಚಪ್ಪಲಿಯ ಮಟ್ಟಿಗೆ ಈ ಮಾತು ನಿಜ. ತೊಗಲು ಹಿಗ್ಗುತ್ತದೆ. ಆದರೆ ಒಳಗಿನ ಕವಚ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ; ಅದಕ್ಕೆ ಬೇಕಾದಷ್ಟು ಜಾಗ ತೊಗಲು ಹಿಗ್ಗಿದ ಮಾತ್ರಕ್ಕೆ ಸಿಗದು. ದುರ್ಗಪ್ಪನಿಗೆ ಇದು ತಿಳಿಯದ್ದೇ? ತಿಳಿದಿತ್ತು. ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೇ. ಶ್ರೀದೇವಿ ಮತ್ತೆರಡು ಸಲ ಬಂದಳು. ಕೊನೆಯ ಸಲ ಅವನು ರೇಗಿಯೇಬಿಟ್ಟ. "ಚರ್ಮದ ಕೆಲಸ ನನಗ ಕಲಿಸ್ತಿ ಏನು?" ಹಿರಿಯರಿಗೆ ಎದುರಾಡಿ ಗೊತ್ತಿಲ್ಲದ ಹುಡುಗಿ, ಜಾಕೆಟ್ಟನ್ನು ಚೀಲಕ್ಕೆ ತುಂಬಿಕೊಂಡು ಹೋದಳು.

ರೇಸಿನ ದಿನ ಬೆಳಿಗ್ಗೆ ಕವಚದ ಮೇಲೆ ಜಾಕೆಟ್ ತೊಟ್ಟು ಎರಡು ಸುತ್ತು ಓಡಿಸಿ ನೋಡಿದಳು. ಕಣ್ಣಿಗೆ ಕತ್ತಲೆ ಬಂದಂತಾಯಿತು. ಕವಚ ಕಳಚಿ ಚೀಲಕ್ಕೆ ಹಾಕಿ, ಬರಿ ಜಾಕೆಟ್ ತೊಟ್ಟು ಹೊರಟಳು. ಅದು ಅವಳದೂ ತಪ್ಪೇ, ಇಲ್ಲವೆನ್ನುವುದಿಲ್ಲ. ಆದರೆ ಉಸಿರೇ ಕಟ್ಟಿದರೆ ಯಾರು ತಾನೇ ತೊಟ್ಟಾರು? ತಿರುವಿನಲ್ಲಿ ಗಾಡಿ ಜಾರಿತು. ದುರ್ಗಪ್ಪನ ತೊಗಲು ಅವಳ ಮೈಮೇಲೆ ಒಂದು ಗೀರು ಬೀಳಲೂ ಬಿಡಲಿಲ್ಲ. ಬೆನ್ನುಮೂಳೆ ಮಾತ್ರ ಮುರಿದುಹೋಯಿತು.

ಇನ್ನು ಕಾಲಿಗೆ ಬಲ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಸುದ್ದಿ ಕೇಳಿ ದುರ್ಗಪ್ಪ ಆಸ್ಪತ್ರೆಗೆ ಓಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಂಚದ ಪಕ್ಕ ಹೋಗಿ ನಿಂತ. ತಪ್ಪಾಯಿತು ಅಂದರೂ ಯಾರಿಗೇನು ಉಪಯೋಗ?

ಅವಳೇ ಕೇಳಿದಳು. "ಕಾಕಾ, ಅವತ್ತ ಬಿಚ್ಚಿ ಪಟ್ಟಿ ಕೂಡಿಸಿದ್ರ ಎಷ್ಟೊತ್ತು ಹಿಡೀತಿತ್ರಿ?"

ವಾರ ಹಿಡಿಯುತ್ತಿತ್ತು ಎಂದು ಸುಳ್ಳು ಹೇಳಲು ನಾಲಿಗೆಯೇನೋ ಎದ್ದಿತು. ಹೇಳಲಾಗಲಿಲ್ಲ.

"ಒಂದು ತಾಸು, ಯವ್ವಾ."

ಶ್ರೀದೇವಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವನು ಸಂಜೆಯವರೆಗೆ ಅಲ್ಲೇ ನಿಂತಿದ್ದ. ಅವಳು ಮತ್ತೆ ಇತ್ತ ತಿರುಗಲಿಲ್ಲ.

ನೀತಿ: ಕಾಯಬೇಕಾದದ್ದೇ ಕಾಡತೊಡಗಿದರೆ ಮನುಷ್ಯ ಅದನ್ನು ಕಳಚಿಡುತ್ತಾನೆ. ತೊಟ್ಟವರು ನೋವೆಂದಾಗ ಹೊಲಿದವನು ತನ್ನ ಹೆಸರಿನ ಚಿಂತೆ ಬಿಟ್ಟು ಹೊಲಿಗೆ ಬಿಚ್ಚಬೇಕು. ಕೆಲವು ತಪ್ಪುಗಳಿಗೆ ಕ್ಷಮೆಯೂ ಇಲ್ಲ, ತಿದ್ದುಪಡಿಯೂ ಇಲ್ಲ.