ಗಂಟೆಯ ಕೈಯಲ್ಲಿದ್ದ ದಾರ

ಗ್ರಂಥಾಲಯದ ಕಂಪ್ಯೂಟರಿನ ನೆನಪಿನೊಳಗೆ ಒಂದು ಪೊರಕೆ ಇತ್ತು. ಯಾರೂ ಹಿಡಿದುಕೊಳ್ಳದೆ ಬಿದ್ದದ್ದನ್ನು ಗುಡಿಸಿ ಜಾಗ ಮಾಡುವುದು ಅದರ ಕೆಲಸ. ಒಂದು ದಿನ ಗ್ರಂಥಪಾಲಕಿ ದಿಲ್‌ಶಾದ್ ಮೇಡಂ ಪರದೆಯ ಮೇಲೆ ಹೊಸ ಕಿಟಕಿ ತೆರೆಯಲು ಹೋದರೆ ಒಳಗೆ ಜಾಗವೇ ಇರಲಿಲ್ಲ. ಪೊರಕೆಗೆ ಸೋಜಿಗವಾಯಿತು. ಮೂಲೆಯಲ್ಲಿದ್ದ ಹಳೆಯ ಕಿಟಕಿಯನ್ನು ಕೇಳಿತು:

"ನಿನ್ನನ್ನು ಮೇಡಂ ಬೆಳಿಗ್ಗೆಯೇ ಮುಚ್ಚಿದರಲ್ಲ, ಇನ್ನೂ ಯಾಕೆ ಕೂತಿದ್ದೀಯ?"

"ಸುದ್ದಿ ಬಂದಾಗ ಬಾರಿಸಿ ತಿಳಿಸುವ ಆ ಗಂಟೆ ನನ್ನನ್ನು ಹಿಡಿದುಕೊಂಡಿದೆ. ನಾನೇನು ಮಾಡಲಿ?"

ಪೊರಕೆ ಗಂಟೆಯತ್ತ ತಿರುಗಿತು. "ಯಾಕಪ್ಪಾ ಹಿಡಿದಿದ್ದೀಯ?"

"ಹೊಸ ಪುಸ್ತಕ ಬಂದಾಗಲೆಲ್ಲ ತಿಳಿಸು ಅಂತ ಈ ಕಿಟಕಿಯೇ ನನ್ನ ಕೈಗೆ ತನ್ನ ದಾರ ಕೊಟ್ಟಿತ್ತು. ಸಾಕು ಅಂತ ಹೇಳಲೇ ಇಲ್ಲ. ಬಿಡುವುದು ಹೇಗೆ?" ಎಂದು ಗಂಟೆ ಕೈ ತೋರಿಸಿತು. ಅದರ ತುಂಬ ಮುಚ್ಚಿದ ಕಿಟಕಿಗಳ ದಾರಗಳು.

ಕಿಟಕಿ ಪೊರಕೆಯನ್ನು ಮೆಲ್ಲಗೆ ಕೇಳಿತು: "ಸಾಕು ಅಂದರೆ ನೀನು ನನ್ನನ್ನು ಗುಡಿಸಿಬಿಡುತ್ತೀಯಲ್ಲ?"

"ಹೌದು. ಅನ್ನದಿದ್ದರೆ ಹೊರಗೆ ಕಾಯುತ್ತಿರುವ ಆ ಹೊಸ ಕಿಟಕಿ ತೆರೆಯುವುದೇ ಇಲ್ಲ," ಎಂದಿತು ಪೊರಕೆ.

ಕಿಟಕಿ ಹೊಸದರ ಮುಖ ನೋಡಿತು. "ಸಾಕು, ಬಿಡು," ಎಂದು ಗಂಟೆಗೆ ಹೇಳಿತು. ಗಂಟೆ ದಾರ ಬಿಟ್ಟಿತು, ಪೊರಕೆ ಗುಡಿಸಿತು.

ಆ ಜಾಗದಲ್ಲಿ ತೆರೆದುಕೊಂಡ ಹೊಸ ಕಿಟಕಿ ಮೊದಲು ಮಾಡಿದ್ದೇ ಗಂಟೆಯತ್ತ ತನ್ನ ದಾರ ಚಾಚಿದ್ದು. ಗಂಟೆ ಕೈ ಮುಂದೆ ಮಾಡಲಿಲ್ಲ.

"ಹೋಗುವಾಗ ಹೇಳಿ ಹೋಗುತ್ತೀಯಾ?" ಎಂದು ಕೇಳಿತು.